ಕಪ್ಪು ಕಾರಿನ ಸುರುಳಿ ಗೀರುಗಳನ್ನು ನಾನು ತೆಗೆದ ಬಗೆ

ನೆರಳಿನಲ್ಲಿ ನಿಂತಾಗ ನನ್ನ ಕಪ್ಪು ಕಾರು ಕನ್ನಡಿಯಂತೆ ಕಾಣುತ್ತಿತ್ತು. ಬಿಸಿಲಿಗೆ ತಂದೊಡನೆ ಬಾನೆಟ್ಟಿನ ಮೇಲೆ ಸೂರ್ಯನ ಪ್ರತಿಬಿಂಬದ ಸುತ್ತ ಜೇಡರಬಲೆಯಂಥ ಗೀರುಗಳು ಎದ್ದು ಬರುತ್ತಿದ್ದವು. ವೃತ್ತಾಕಾರವಾಗಿ ಒರೆಸಿದ್ದರಿಂದಲೇ ಅವು ಮೂಡಿವೆ ಎಂದು ನಾನು ಬಹಳ ಕಾಲ ನಂಬಿದ್ದೆ. ಒಂದು ರಾತ್ರಿ ಎಲ್‌ಇಡಿ ಟಾರ್ಚ್ ಹಿಡಿದು ನೋಡಿದಾಗ, ಟಾರ್ಚ್ ಸರಿದಂತೆಲ್ಲ ಆ ವೃತ್ತಗಳೂ ಸರಿಯುತ್ತಿದ್ದವು. ಗೀರುಗಳು ಎಲ್ಲ ದಿಕ್ಕಿಗೂ ಇದ್ದು, ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಹೊಳೆಯುವುದರಿಂದ ಅವು ಸುರುಳಿಯಾಗಿ ಕಾಣುತ್ತವೆ ಎಂಬುದು ಆಗ ತಿಳಿಯಿತು.

ಕಾರಣ ನನ್ನ ಕೈಯಲ್ಲೇ ಇತ್ತು. ಪ್ರತಿದಿನ ಬೆಳಿಗ್ಗೆ ಒಣಬಟ್ಟೆಯಿಂದ ಧೂಳು ಒರೆಸುತ್ತಿದ್ದೆ. ಬಟ್ಟೆಗೆ ಅಂಟಿದ ಸಣ್ಣ ಮರಳಿನ ಕಣಗಳು ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟನ್ನು ದಿನವೂ ಒಂದಿಷ್ಟು ಕೆರೆಯುತ್ತಿದ್ದವು. ಈ ಪದರ ಸಾಮಾನ್ಯವಾಗಿ 35ರಿಂದ 50 ಮೈಕ್ರಾನಿನಷ್ಟು ಮಾತ್ರ ದಪ್ಪವಿರುತ್ತದೆ. ಪಾಲಿಶ್ ಮಾಡುವುದೆಂದರೆ ಗೀರಿನ ತಳದವರೆಗೆ ಅದರ ಸುತ್ತಲಿನ ಪದರವನ್ನು ಸವೆಸಿ ಸಮಮಾಡುವುದು. ಹೀಗೆ ಸವೆದದ್ದು ಮತ್ತೆ ಬೆಳೆಯುವುದಿಲ್ಲವಾದ್ದರಿಂದ, ಆದಷ್ಟು ಕಡಿಮೆ ತೆಗೆಯುವುದೇ ಈ ಕೆಲಸದ ಜಾಣ್ಮೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ನಾನು ಹಿಡಿದದ್ದು ಸುಲಭದ ದಾರಿ. ಗೀರುಗಳನ್ನು ತುಂಬಿ ಮುಚ್ಚುವ ಗ್ಲೇಜ್ ಎಂಬ ದ್ರವವನ್ನು ಕೈಯಿಂದ ತಿಕ್ಕಿದೆ. ಅರ್ಧ ದಿನದ ಶ್ರಮಕ್ಕೆ ಕಾರು ಹೊಸದರಂತಾಯಿತು. ಆದರೆ ನಾಲ್ಕೈದು ಬಾರಿ ತೊಳೆಯುವಷ್ಟರಲ್ಲಿ ಗ್ಲೇಜ್ ಕರಗಿಹೋಗಿ, ಗೀರುಗಳೆಲ್ಲ ಇದ್ದಲ್ಲೇ ಇದ್ದವು.

ಎರಡನೆಯ ಬಾರಿ ಯಂತ್ರದಿಂದಲೇ ಮಾಡುವುದೆಂದು ನಿರ್ಧರಿಸಿ, ಎರಡು ದಿನ ಬಿಡುವು ಮಾಡಿಕೊಂಡೆ. ಚೆನ್ನಾಗಿ ತೊಳೆದ ಮೇಲೆ ಒದ್ದೆ ಮೇಲ್ಮೈಯಲ್ಲಿ ಕ್ಲೇ ಬಾರ್ ಎಂಬ ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆಯನ್ನು ಜಾರಿಸಿ, ತೊಳೆದರೂ ಹೋಗದೆ ಅಂಟಿಕೊಂಡಿದ್ದ ಕಣಗಳನ್ನು ತೆಗೆದೆ. ಅಂಗೈಯನ್ನು ತೆಳುವಾದ ಪ್ಲಾಸ್ಟಿಕ್ ಚೀಲದೊಳಗಿಟ್ಟು ಸವರಿದರೆ ಉಳಿದ ಒರಟುತನ ಬೇಗ ತಿಳಿಯುತ್ತದೆ. ಬಳಿಕ ರಬ್ಬರ್ ಪಟ್ಟಿಗಳಿಗೂ ಕಪ್ಪು ಪ್ಲಾಸ್ಟಿಕ್ ಅಂಚುಗಳಿಗೂ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಉಗುರಿಗೆ ತಡೆಯುವ ಗೀರುಗಳಿಗೂ ಗುರುತು ಹಾಕಿಟ್ಟೆ. ಅಷ್ಟು ಆಳದವುಗಳನ್ನು ಪಾಲಿಶ್‌ನಿಂದ ಪೂರ್ತಿ ತೆಗೆಯಲು ಹೊರಟರೆ ಕ್ಲಿಯರ್ ಕೋಟೇ ಹೋಗುವ ಅಪಾಯವಿದೆ.

ಯಂತ್ರವಾಗಿ, ಪ್ಯಾಡನ್ನು ತಿರುಗಿಸುತ್ತಲೇ ಅತ್ತಿತ್ತ ಅದುರಿಸುವ ಡ್ಯುಯಲ್ ಆಕ್ಷನ್ ಪಾಲಿಶರ್ ಆರಿಸಿಕೊಂಡೆ. ಒಂದೇ ಕೇಂದ್ರದ ಮೇಲೆ ಗಿರ್ರನೆ ತಿರುಗುವ ರೋಟರಿ ಯಂತ್ರ ಬೇಗ ಸವೆಸುತ್ತದೆ ನಿಜ, ಆದರೆ ಅನುಭವವಿಲ್ಲದ ಕೈಯಲ್ಲಿ ಅದು ಬಣ್ಣವನ್ನು ಸುಡಬಹುದು ಮತ್ತು ಹಾಲೊಗ್ರಾಂ ಎಂದು ಕರೆಯುವ ಅಲೆಯಂಥ ಹೊಸ ಗುರುತುಗಳನ್ನು ಬಿಡಬಹುದು. ಬಾನೆಟ್ಟಿನಲ್ಲಿ ಸುಮಾರು 50 ಸೆಂಟಿಮೀಟರ್ ಉದ್ದಗಲದ ಒಂದು ಚೌಕವನ್ನು ಪರೀಕ್ಷೆಗೆಂದು ಗುರುತಿಸಿ, ಎಲ್ಲಕ್ಕಿಂತ ಮೃದುವಾದ ಫೋಮ್ ಪ್ಯಾಡ್ ಮತ್ತು ನಯವಾದ ಫಿನಿಶಿಂಗ್ ಪಾಲಿಶ್‌ನಿಂದ ಆರಂಭಿಸಿದೆ. ಅದರಿಂದ ಹೊಳಪು ಬಂತೇ ಹೊರತು ಗೀರುಗಳು ಹೆಚ್ಚು ಕಡಿಮೆಯಾಗಲಿಲ್ಲ. ಪ್ಯಾಡ್ ಅದೇ ಇಟ್ಟುಕೊಂಡು ಸ್ವಲ್ಪ ಬಿರುಸಾದ ಪಾಲಿಶ್ ಹಾಕಿದೆ; ಆಗಲೂ ಅರ್ಧದಷ್ಟು ಉಳಿದವು. ಮೂರನೆಯ ಸಲ ಮಧ್ಯಮ ಗಡಸಿನ ಪ್ಯಾಡ್ ಬಳಸಿದಾಗ ಫಲ ಸಿಕ್ಕಿತು. ಈ ಒಂದು ಚೌಕಕ್ಕೆ ಒಂದು ಗಂಟೆ ಹಿಡಿದರೂ, ಅಲ್ಲಿ ಕಂಡುಕೊಂಡದ್ದನ್ನೇ ಉಳಿದ ಕಾರಿಗೆಲ್ಲ ಅನ್ವಯಿಸಲು ಸಾಧ್ಯವಾದದ್ದರಿಂದ ಆ ಗಂಟೆ ವ್ಯರ್ಥವೆಂದು ನನಗೆ ಒಮ್ಮೆಯೂ ಅನಿಸಿಲ್ಲ.

ಪ್ಯಾಡಿನ ಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ ಪಾಲಿಶ್ ಇಟ್ಟು, ಕಡಿಮೆ ವೇಗದಲ್ಲಿ ಹರಡಿ, ಬಳಿಕ ವೇಗ ಏರಿಸಿ, ಒಂದು ಪಟ್ಟಿಯ ಅರ್ಧ ಭಾಗ ಮುಂದಿನದರ ಮೇಲೆ ಬರುವಂತೆ ಮೊದಲು ಅಡ್ಡಡ್ಡಲಾಗಿ, ಆಮೇಲೆ ಉದ್ದುದ್ದವಾಗಿ ನಿಧಾನಕ್ಕೆ ಸರಿಸುತ್ತಿದ್ದೆ. ಸೆಕೆಂಡಿಗೆ ಎರಡು ಮೂರು ಸೆಂಟಿಮೀಟರಿಗಿಂತ ವೇಗವಾಗಿ ಕೈ ಓಡಿದರೆ ಪಾಲಿಶ್‌ಗೆ ಕೆಲಸ ಮಾಡಲು ಸಮಯ ಸಾಲದು. ಪ್ಯಾಡ್ ಕೂರುವ ತಟ್ಟೆಯ ಅಂಚಿಗೆ ಮಾರ್ಕರಿನಿಂದ ಒಂದು ಗೆರೆ ಎಳೆದುಕೊಂಡದ್ದು ಬಹಳ ಉಪಯೋಗಕ್ಕೆ ಬಂತು: ಒತ್ತಡ ಹೆಚ್ಚಾದರೆ ಪ್ಯಾಡ್ ಅದುರುತ್ತದೆ, ತಿರುಗುವುದಿಲ್ಲ, ಗೆರೆ ನಿಂತಿತೆಂದರೆ ಕೈ ಸಡಿಲಿಸುತ್ತಿದ್ದೆ. ಪ್ರತಿ ಚೌಕದ ನಂತರ ಪ್ಯಾಡನ್ನು ಬ್ರಶ್‌ನಿಂದ ಉಜ್ಜಿ, ತುಂಬಿಕೊಂಡಿದ್ದ ಪುಡಿಯನ್ನು ತೆಗೆಯುತ್ತಿದ್ದೆ.

ಪಾಲಿಶ್‌ನಲ್ಲಿರುವ ಎಣ್ಣೆಯೂ ಗ್ಲೇಜ್‌ನಂತೆಯೇ ಗೀರುಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ. ಆದ್ದರಿಂದ ಪ್ರತಿ ಚೌಕವನ್ನೂ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದ ಮೇಲೆಯೇ ಮುಂದಿನದಕ್ಕೆ ಹೋಗುತ್ತಿದ್ದೆ. ಮೊದಲ ಎರಡು ಚೌಕಗಳಲ್ಲಿ ಇದನ್ನು ಮರೆತಿದ್ದರಿಂದ ಅವನ್ನು ಮತ್ತೆ ಮಾಡಬೇಕಾಯಿತು.

ಒಂದು ತಪ್ಪು ಮಾತ್ರ ಸರಿಪಡಿಸಲಾಗದ್ದು. ಹಿಂಬಾಗಿಲಿನ ಚೂಪಾದ ಏಣಿನ ಮೇಲೆ ಪ್ಯಾಡನ್ನು ಓರೆಯಾಗಿಟ್ಟು ಒಂದೇ ಕಡೆ ಒತ್ತಿದೆ; ಏಣುಗಳ ಮೇಲೆ ಬಣ್ಣ ತೆಳುವಾಗಿರುವ ಕಾರಣ ಅಲ್ಲಿ ಕಿರುಬೆರಳಿನ ಉಗುರಿನಷ್ಟು ಜಾಗ ಮಂಕಾಯಿತು. ಆಮೇಲೆ ಎಲ್ಲ ಏಣುಗಳಿಗೂ ಟೇಪ್ ಹಚ್ಚಿ, ಅಲ್ಲಿ ಕೈಯಿಂದಷ್ಟೇ ತಿಕ್ಕಿದೆ. ಬಂಪರ್ ಪ್ಲಾಸ್ಟಿಕ್ಕಿನದು, ಲೋಹದಂತೆ ಶಾಖ ಹರಡಿ ಹೋಗದು. ಹೀಗಾಗಿ ಅಲ್ಲಿ ಆಗಾಗ ಕೈಯಿಟ್ಟು ನೋಡಿ, ಬಿಸಿಯೆನಿಸಿದರೆ ನಿಲ್ಲಿಸುತ್ತಿದ್ದೆ.

ಚಾವಣಿಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದು ಕೊರೆದಿದ್ದ ಎರಡು ಕಲೆಗಳು ಪಾಲಿಶ್‌ಗೆ ಬಹುಮಟ್ಟಿಗೆ ಮಾಸಿದವು. ಕಲ್ಲು ಸಿಡಿದು ಬಣ್ಣ ಎದ್ದ ಕಡೆ ಪಾಲಿಶ್‌ನಿಂದ ಏನೂ ಆಗುವುದಿಲ್ಲ. ಅಂಥ ಜಾಗಗಳಿಗೆ ಕಾರಿನ ಬಣ್ಣದ ಸಂಖ್ಯೆಗೆ ಹೊಂದುವ ಟಚ್-ಅಪ್ ಬಣ್ಣವನ್ನು ಸಣ್ಣ ಕುಂಚದ ತುದಿಯಿಂದ ತೆಳುವಾಗಿ, ಒಂದು ಪದರ ಒಣಗಿದ ಮೇಲೆ ಇನ್ನೊಂದರಂತೆ ತುಂಬಿದೆ.

ಕೊನೆಗೆ ಫಿನಿಶಿಂಗ್ ಪಾಲಿಶ್ ಒಂದು ಸುತ್ತು ಹಾಕಿ, ಅದರ ಮೇಲೆ ಸೀಲೆಂಟ್ ಎಂಬ ರಕ್ಷಣಾ ಲೇಪನ ಹಚ್ಚಿದೆ. ಈಗ ಒಣಬಟ್ಟೆ ಕಾರಿನ ಹತ್ತಿರ ಸುಳಿಯುವುದಿಲ್ಲ. ಶಾಂಪೂ ನೀರಿಗೊಂದು, ಕಾರು ತೊಳೆದು ಕೊಳೆಯಾದ ಕೈಗವಸನ್ನು ಜಾಲಿಸಲು ಇನ್ನೊಂದು, ಹೀಗೆ ಎರಡು ಬಕೆಟ್ ಇಟ್ಟು, ಮೊದಲು ನೀರು ಹಾಯಿಸಿ ಧೂಳನ್ನು ಇಳಿಸಿದ ಬಳಿಕವೇ ಕಾರನ್ನು ಮುಟ್ಟುತ್ತೇನೆ. ಬಾನೆಟ್ಟಿನ ಎಡಗಡೆ ಉಗುರಿಗೆ ತಡೆಯುವ ಒಂದು ಉದ್ದ ಗೀರನ್ನು ನಾನು ಬೇಕೆಂದೇ ಹಾಗೆ ಬಿಟ್ಟಿದ್ದೇನೆ. ಅದರ ಅಂಚುಗಳು ಪಾಲಿಶ್‌ನಿಂದ ನಯವಾಗಿ ಮೊದಲಿನಷ್ಟು ಹೊಳೆಯುವುದಿಲ್ಲ. ಹಿಂದೆ ಕೊಂಡಿದ್ದ ಗ್ಲೇಜ್ ಬಾಟಲಿಯಲ್ಲಿ ಉಳಿದದ್ದನ್ನು ಈಗ ಆ ಒಂದು ಗೀರಿಗೆ ಮಾತ್ರ ಹಚ್ಚುತ್ತಿದ್ದೇನೆ.