ತೈಲ ಬಾವಿಗೆ ಲಾರಿ ಕ್ರೇನ್ ಕಟ್ಟಿದ ನನ್ನ ಅನುಭವ

ತೈಲ ಬಾವಿಯ ಸರ್ವಿಸ್ ಕೆಲಸಕ್ಕೆ ಕ್ರೇನ್ ಕಟ್ಟಿಸಲು ಬರುವವರು ಮೊದಲು ಕೇಳುವುದು ಎಷ್ಟು ಟನ್ನಿನದು ಅಂತ. ನಾನು ಲೆಕ್ಕವನ್ನು ಬಾವಿಯಿಂದ ಶುರು ಮಾಡುತ್ತೇನೆ. ಒಳಗೆ ಏನು ಇಳಿದಿದೆ, ಎಷ್ಟು ಆಳಕ್ಕೆ, ಲಾರಿ ಬಾವಿಯ ಬಾಯಿಗೆ ಎಷ್ಟು ಹತ್ತಿರ ಬರಬಹುದು? 10 ಟನ್ ಕ್ರೇನ್ ಅಂದರೆ ಬೂಮ್, ಅಂದರೆ ಕ್ರೇನಿನ ಉದ್ದನೆಯ ತೋಳು, ತೀರಾ ಹತ್ತಿರ ಇದ್ದಾಗ ಮಾತ್ರ 10 ಟನ್. ಎರಡೂವರೆ ಮೀಟರ್ ದೂರದಲ್ಲಿ ಅಷ್ಟು ಎತ್ತುವ ಕ್ರೇನ್, 6 ಮೀಟರ್‌ನಲ್ಲಿ 4 ಟನ್ ಎತ್ತಿದರೆ ಅದೇ ಹೆಚ್ಚು.

ನಾವು ಕಟ್ಟಿದ ಕ್ರೇನ್ ಸುಮಾರು 900 ಮೀಟರ್ ಆಳದ ಬಾವಿಗಳಿಗೆ. ಪಂಪ್ ಜ್ಯಾಕ್, ಅಂದರೆ ಮೇಲೆ ಕೆಳಗೆ ತಲೆಯಾಡಿಸುತ್ತಾ ತೈಲ ಎತ್ತುವ ಯಂತ್ರ, ಇರುವ ಬಾವಿಗಳು. ಒಳಗೆ ಒಂದಕ್ಕೊಂದು ಜೋಡಿಸಿದ ಮುಕ್ಕಾಲು ಇಂಚಿನ ಸಕ್ಕರ್ ರಾಡುಗಳು (ಪಂಪನ್ನು ನಡೆಸುವ ಸ್ಟೀಲ್ ಸರಳುಗಳು), ಕೆಳತುದಿಯಲ್ಲಿ ಪಂಪು. ಇವನ್ನು ಮೇಲಕ್ಕೆ ಎಳೆದು ತೆಗೆಯುವುದೇ ಕ್ರೇನಿನ ಕೆಲಸ. ಈ ರಾಡು ಮೀಟರ್‌ಗೆ ಸುಮಾರು 2.4 ಕೆ.ಜಿ. ತೂಗುತ್ತದೆ. ಅಲ್ಲಿಗೇ 2.2 ಟನ್ ಆಯಿತು. ಜೊತೆಗೆ ಟ್ಯೂಬಿಂಗ್, ಅಂದರೆ ತೈಲ ಮೇಲೆ ಬರುವ ಪೈಪಿನ ತುಂಬ ನಿಂತ ದ್ರವ ಪಂಪನ್ನು ಕೆಳಗೆ ಒತ್ತಿ ಹಿಡಿದಿರುತ್ತದೆ. ಪಂಪಿನೊಳಗೆ ಮೇಲೆ ಕೆಳಗೆ ಆಡುವ ಪ್ಲಂಜರ್ ಒಂದೂಮುಕ್ಕಾಲು ಇಂಚಿನದಾದರೆ ಅದರ ಭಾರ 1.4 ಟನ್ ತನಕ ಬರಬಹುದು. ಮೇಲೆ ಉಜ್ಜಾಟ, ಮೇಣ, ಮರಳು. ಹೀಗಾಗಿ ಮೊದಲ ಎಳೆತವೇ ಎಲ್ಲಕ್ಕಿಂತ ಭಾರ. ಪಂಪು ತನ್ನ ಸೀಟಿನಿಂದ ಬಿಟ್ಟುಕೊಂಡ ಮೇಲೆ ಉಳಿದದ್ದು ಬರೀ ತೂಕ.

ಎತ್ತರದ ಲೆಕ್ಕ ಸುಲಭ. ಒಂದು ರಾಡು 25 ಅಡಿ, ಅಂದರೆ 7.6 ಮೀಟರ್. ಬಾವಿಯ ತಲೆ, ಅದರ ಮೇಲಿನ ಬಿಓಪಿ (ಬಾವಿಯ ಒತ್ತಡ ಹೊರಗೆ ನುಗ್ಗದಂತೆ ಮುಚ್ಚುವ ಸಾಧನ), ರಾಡನ್ನು ಕಚ್ಚಿ ಹಿಡಿಯುವ ಎಲಿವೇಟರ್, ಹುಕ್ ಬ್ಲಾಕ್, ಮೇಲೆ ಸ್ವಲ್ಪ ಜಾಗ, ಎಲ್ಲ ಸೇರಿ 12 ಮೀಟರ್ ಬೇಕು. ಟ್ಯೂಬಿಂಗ್ ಪೈಪೂ ಎತ್ತಬೇಕೆಂದರೆ ಇನ್ನೆರಡು ಮೀಟರ್ ಸೇರಿಸಿ. ಎರಡೆರಡು ರಾಡು ಒಟ್ಟಿಗೆ ಎತ್ತುವಷ್ಟು ಉದ್ದದ ಬೂಮ್ ಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ನಾನು ಬೇಡ ಅಂದೆ. ಬೂಮಿನ ತೂಕ ಹೆಚ್ಚಿದಷ್ಟೂ ಎತ್ತುವ ಶಕ್ತಿಯನ್ನು ಅದೇ ತಿಂದುಹಾಕುತ್ತದೆ.

ಕ್ರೇನನ್ನು ಕ್ಯಾಬಿನ್ ಹಿಂದೆ ಇಡದೆ ಲಾರಿಯ ಹಿಂಬದಿಯಲ್ಲೇ ಕೂರಿಸಿದೆವು. ರಿವರ್ಸ್‌ನಲ್ಲಿ ಬಂದು ನಿಂತರೆ ಬಾವಿ ಹತ್ತಿರ, ದೂರ ಕಡಿಮೆ. ಆದರೆ ಹಿಂದೆ ಭಾರ ಕೂತರೆ ಮುಂದಿನ ಆಕ್ಸಲ್ ಹಗುರವಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಅದಕ್ಕೇ ಹೈಡ್ರಾಲಿಕ್ ಆಯಿಲ್ ಟ್ಯಾಂಕು, ಟೂಲ್ ಬಾಕ್ಸು ಎಲ್ಲವನ್ನೂ ಕ್ಯಾಬಿನ್ ಪಕ್ಕಕ್ಕೆ ತಂದೆವು. ಎರಡೂ ಆಕ್ಸಲ್‌ಗಳನ್ನು ಬೇರೆ ಬೇರೆಯಾಗಿ ವೇಬ್ರಿಡ್ಜ್ ಮೇಲೆ ತೂಗಿ ನೋಡದೆ ಯಾವ ಗಾಡಿಯನ್ನೂ ರಸ್ತೆಗೆ ಬಿಡಬಾರದು.

ಲಾರಿಯ ಚಾಸಿ ತಿರುಚಿಕೊಳ್ಳುವ ಹಾಗೇ ಮಾಡಿರುತ್ತಾರೆ. ಕ್ರೇನಿಗೆ ತಿರುಚದ ಬುಡ ಬೇಕು. ಮಧ್ಯೆ ಬಾಕ್ಸ್ ಸೆಕ್ಷನ್ನಿನ ಸಬ್‌ಫ್ರೇಮ್, ಅಂದರೆ ಚೌಕ ಕೊಳವೆಯಂಥ ಸ್ಟೀಲಿನ ಇನ್ನೊಂದು ಚೌಕಟ್ಟು, ಹಾಕಿದೆವು. ಅದರ ಮುಂದಿನ ತುದಿಯನ್ನು ಇಳಿಜಾರಾಗಿ ಕತ್ತರಿಸಿ, ಮುಂದಿನ ಬೋಲ್ಟುಗಳಿಗೆ ಸ್ಪ್ರಿಂಗ್ ಕೊಟ್ಟು, ಹಿಂದೆ ಬಿಗಿಯಾಗಿ ಕಟ್ಟಿದೆವು. ಚಾಸಿಗೆ ಎಲ್ಲೂ ವೆಲ್ಡಿಂಗ್ ಇಲ್ಲ. ಆ ಬಿಸಿಗೆ ಸ್ಟೀಲಿನ ಗಟ್ಟಿತನ ಹೋಗಿ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಕ್ರೇನಿನ ಲೋಡ್ ಚಾರ್ಟು (ಯಾವ ದೂರದಲ್ಲಿ ಎಷ್ಟು ಎತ್ತಬಹುದು ಅನ್ನುವ ಪಟ್ಟಿ) ಬರೆದಿರುವುದು ನೆಲದ ಮೇಲೆ ಸುಮ್ನೆ ಇಟ್ಟಿರುವ ಭಾರಕ್ಕೆ. ಬಾವಿಯೊಳಗೆ ಸಿಕ್ಕಿಕೊಂಡ ರಾಡು ಅಂಥ ಭಾರ ಅಲ್ಲ. ಎಳೆದಷ್ಟೂ ಹಿಗ್ಗುತ್ತದೆ. 900 ಮೀಟರ್ ಉದ್ದದ ಮುಕ್ಕಾಲು ಇಂಚಿನ ರಾಡು, ಒಂದು ಟನ್ ಹೆಚ್ಚಿಗೆ ಎಳೆದರೆ ಸುಮಾರು 15 ಸೆಂ.ಮೀ. ಉದ್ದವಾಗುತ್ತದೆ. ಹಾಗೆ ಎಳೆದು ನಿಂತಾಗ ಪಂಪು ಫಕ್ಕನೆ ಬಿಟ್ಟುಕೊಂಡರೆ ಆ ಶಕ್ತಿಯೆಲ್ಲ ಬೂಮಿಗೆ, ಹಗ್ಗಕ್ಕೆ, ಕೆಳಗೆ ನಿಂತವರ ಕಡೆಗೆ ಬರುತ್ತದೆ. "ಇನ್ನೊಂಚೂರು ಎಳೀತೀನಿ ಸರ್, ಬಂದೇ ಬಿಡುತ್ತೆ" ಅನ್ನುವ ಆಪರೇಟರ್‌ಗಳನ್ನು ಬಹಳ ನೋಡಿದ್ದೇನೆ. ಅವರ ಧೈರ್ಯದ ಮೇಲೆ ಗಾಡಿಯ ಸುರಕ್ಷತೆ ನಿಲ್ಲಬಾರದು, ಅಲ್ವಾ?

ಆದ್ದರಿಂದ ಮಿತಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚಿನಲ್ಲೇ ಇಟ್ಟೆವು. ಹುಕ್ಕನ್ನು ಹಿಡಿದಿರುವುದು ಅದೇ ಹಗ್ಗದ ನಾಲ್ಕು ಸಾಲು. ಒತ್ತಡ ಮಿತಿ ಮೀರಿದರೆ ಆಯಿಲನ್ನು ಬಿಟ್ಟುಬಿಡುವ ವಿಂಚಿನ ರಿಲೀಫ್ ವಾಲ್ವನ್ನು ಎಷ್ಟಕ್ಕೆ ಸೆಟ್ ಮಾಡಿದೆವೆಂದರೆ, ಬಾವಿಯ ಮೇಲೆ ಬೂಮ್ ನಿಲ್ಲುವ ದೂರಕ್ಕೆ ಚಾರ್ಟು ಕೊಡುವ ಭಾರಕ್ಕಿಂತ ಸಾಕಷ್ಟು ಕೆಳಗೇ ವಿಂಚು ನಿಂತುಬಿಡುತ್ತದೆ. ಆಮೇಲೆ ವಾಲ್ವಿಗೆ ಸೀಲ್. ಹಗ್ಗದ ಕಟ್ಟಿದ ತುದಿಗೆ ಭಾರ ಅಳೆಯುವ ಲೋಡ್ ಸೆಲ್ ಹಾಕಿ, ಹುಕ್ಕಿನ ಭಾರ ಆಪರೇಟರ್ ಕಣ್ಣೆದುರು ಕಾಣುವ ಹಾಗೆ ಮಾಡಿದೆವು. ಮಿತಿ ಮುಟ್ಟಿದರೂ ಪಂಪು ಬರಲಿಲ್ಲವೆಂದರೆ ಕ್ರೇನಿನ ಕೆಲಸ ಅಲ್ಲಿಗೆ ಮುಗಿಯಿತು. ಬಾವಿ ದುರಸ್ತಿಗೆಂದೇ ಇರುವ ದೊಡ್ಡ ಯಂತ್ರ, ವರ್ಕೋವರ್ ರಿಗ್ ಕರೆಸಬೇಕು. ಈ ವಿಷಯದಲ್ಲಿ ನಾನು ಯಾರ ಒತ್ತಾಯಕ್ಕೂ ಬಗ್ಗುವುದಿಲ್ಲ.

ಔಟ್‌ರಿಗ್ಗರ್, ಅಂದರೆ ಗಾಡಿ ವಾಲದಂತೆ ಪಕ್ಕಕ್ಕೆ ಚಾಚಿ ನೆಲಕ್ಕೆ ಊರುವ ಕಾಲುಗಳ ಬಗ್ಗೆಯೂ ಹೇಳಬೇಕು. ಬೂಮ್ ಒಂದು ಮೂಲೆಗೆ ತಿರುಗಿದಾಗ ಭಾರದ ಬಹುಪಾಲು ಒಂದೇ ಕಾಲಿನ ಮೇಲೆ ಬೀಳುತ್ತದೆ. ಆ ಕಾಲಿಗೆ 8 ಟನ್ ಬಂತು ಅನ್ನಿ. 60 ಸೆಂ.ಮೀ. ಚೌಕದ ಹಲಗೆ ಇಟ್ಟರೆ ನೆಲಕ್ಕೆ ಚದರ ಮೀಟರಿಗೆ 22 ಟನ್. ಒಂದು ಮೀಟರ್ ಚೌಕದ್ದು ಇಟ್ಟರೆ ಬರೀ 8. ಬಾವಿಯ ತಲೆ ಸುತ್ತ ಸೆಲ್ಲಾರ್ ಗುಂಡಿ ಇರುತ್ತದೆ. ಅದರ ಅಂಚಿನ ಮಣ್ಣು ತೋಡಿ ತುಂಬಿದ್ದು, ನಂಬುವ ಹಾಗಿಲ್ಲ. ಅದಕ್ಕೇ ಹಿಂದಿನ ಎರಡು ಕಾಲುಗಳು ಗುಂಡಿಯಿಂದ ದೂರ ಬೀಳುವಷ್ಟು ಅಗಲಕ್ಕೆ ಚಾಚುವ ಹಾಗೆ ಮಾಡಿಸಿದೆ.

ಇಷ್ಟೆಲ್ಲ ಮಾಡಿದರೂ ಬಾವಿಯ ಒತ್ತಡ ತಡೆಯುವುದು ಬಿಓಪಿ ಮತ್ತು ಬಾವಿಗೆ ತುಂಬಿದ ದ್ರವ, ಕ್ರೇನ್ ಅಲ್ಲ. ಗ್ಯಾಸ್ ಹೊರಬಂದರೆ ಡೀಸೆಲ್ ಎಂಜಿನ್ ಅದನ್ನೇ ಗಾಳಿಯ ಜೊತೆ ಎಳೆದುಕೊಂಡು ಓಡತೊಡಗುತ್ತದೆ, ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಗಾಳಿಯ ದಾರಿಯನ್ನೇ ಮುಚ್ಚುವ ಶಟ್‌ಆಫ್ ವಾಲ್ವ್ ಬೇಕು. ನಮ್ಮ ಗಾಡಿಯಲ್ಲಿ ಅದರ ಹಿಡಿಕೆ ಕ್ಯಾಬಿನ್ನಿನಲ್ಲೊಂದು, ಆಪರೇಟರ್ ನಿಲ್ಲುವ ಜಾಗದಲ್ಲೊಂದು. ಸೈಲೆನ್ಸರ್‌ಗೆ ಕಿಡಿ ತಡೆಯುವ ಅರೆಸ್ಟರ್ ಹಾಕಿ, ಅದರ ಬಾಯಿಯನ್ನು ಬಾವಿಗೆ ಬೆನ್ನು ಮಾಡಿ ಮುಂದಕ್ಕೆ ತಿರುಗಿಸಿದ್ದೇವೆ. ಪ್ರತಿ ಸಲ ಕೆಲಸ ಶುರು ಮಾಡುವ ಮುಂಚೆ ಆ ವಾಲ್ವನ್ನು ಒಮ್ಮೆ ಎಳೆದು ಎಂಜಿನ್ ನಿಲ್ಲುತ್ತದಾ ಅಂತ ನೋಡಿಯೇ ಬೂಮ್ ಎತ್ತುತ್ತೇವೆ.