ಕಕಕಗಗಮಮ: ಒಂದೇ ಅಕ್ಷರ ಅಕ್ಕಪಕ್ಕ ಬಾರದಂತೆ ಎಣಿಸಿದ ಬಗೆ

ಮೂರು ‘ಕ’, ಎರಡು ‘ಗ’, ಎರಡು ‘ಮ’. ಏಳನ್ನೂ ಒಂದು ಸಾಲಿನಲ್ಲಿ ಜೋಡಿಸಬೇಕು; ಒಂದೇ ಅಕ್ಷರ ಅಕ್ಕಪಕ್ಕ ಬರಕೂಡದು. ನಿರ್ಬಂಧ ಇಲ್ಲದಿದ್ದರೆ 7! ÷ (3! × 2! × 2!), ಅಂದರೆ 210 ಸಾಲು (7! ಎಂದರೆ 7ರಿಂದ 1ರವರೆಗಿನ ಸಂಖ್ಯೆಗಳ ಗುಣಲಬ್ಧ). ಅದರಲ್ಲಿ ಉಳಿಯುವುದೆಷ್ಟು?

ನಾನು ಹಿಡಿದದ್ದು ಸಂದಿಯ ದಾರಿ. ಹೆಚ್ಚು ಸಲ ಬರುವ ‘ಕ’ವನ್ನು ಬದಿಗಿಟ್ಟು ಗ, ಮಗಳನ್ನು ಮೊದಲು ಜೋಡಿಸಿದೆ. ನಾಲ್ಕು ಅಕ್ಷರಕ್ಕೆ ಎರಡೂ ತುದಿ ಸೇರಿ ಐದು ಸಂದಿ. ಸಂದಿಗೊಂದರಂತೆ ‘ಕ’ ಹಾಕಿದರೆ ಅವು ತಾವಾಗಿಯೇ ಬೇರೆಯಾಗುತ್ತವೆ. 5ರಲ್ಲಿ 3 ಆರಿಸುವ ವಿಕಲ್ಪ 10.

ಎಡವುವುದು ಇಲ್ಲೇ. ಗ-ಮ ಜೋಡಣೆ ಆರು, ಹಾಗಾಗಿ 6 × 10 = 60 ಎಂದುಬಿಟ್ಟರೆ ಕಗಗಕಮಕಮ ಕೂಡ ಒಳಗೆ ನುಸುಳುತ್ತದೆ. ‘ಗಗ’, ‘ಮಮ’ ಬರದ ಗಮಗಮ, ಮಗಮಗ ಮಾತ್ರ ಇಟ್ಟುಕೊಂಡು 20 ಎಂದರೆ ಕಗಕಗಮಕಮ ಕೈತಪ್ಪುತ್ತದೆ. ಅದು ಸರಿಯಾದ ಸಾಲೇ. ‘ಕ’ಗಳನ್ನು ತೆಗೆದರೆ ಗಗಮಮ ಉಳಿಯುತ್ತದೆ, ನಿಜ, ಆದರೆ ‘ಗಗ’, ‘ಮಮ’ ಎಂಬ ಆ ಎರಡೂ ಘರ್ಷಣೆಯನ್ನು ‘ಕ’ ನಡುವೆ ಕೂತು ಬಿಡಿಸಿದೆ. ಆದ್ದರಿಂದ ಘರ್ಷಣೆ ಇರುವ ಜೋಡಣೆಯನ್ನು ಬಿಸಾಡಬಾರದು, ಅದರ ಸಂದಿಯನ್ನು ಕಡ್ಡಾಯ ಮಾಡಬೇಕು.

ಗಮಗಮ, ಮಗಮಗ: ಕಡ್ಡಾಯ ಸಂದಿ ಇಲ್ಲ. 2 × 10 = 20.
ಗಮಮಗ, ಮಗಗಮ: ಒಂದು ‘ಕ’ ನಡುಸಂದಿಗೆ ಹೋಯಿತು, ಉಳಿದ ಎರಡಕ್ಕೆ ನಾಲ್ಕು ಸಂದಿ. 2 × 6 = 12.
ಗಗಮಮ, ಮಮಗಗ: ಎರಡು ‘ಕ’ ಹೋದವು, ಉಳಿದ ಒಂದಕ್ಕೆ ಮೂರು ಸಂದಿ. 2 × 3 = 6.

ಒಟ್ಟು 38.

ದಾರಿಯ ಮೇಲೆ ಅನುಮಾನ ಬಂದಾಗ ನಾನು ಪುಟ್ಟ ರೂಪಕ್ಕೆ ಇಳಿಯುತ್ತೇನೆ: ಕಕಗಗ. ಇಲ್ಲಿ ‘ಗಗ’ ನಡುವಿನ ಸಂದಿ ಕಡ್ಡಾಯ, ಉಳಿದ ‘ಕ’ಕ್ಕೆ ಎರಡು ತುದಿ. ಉತ್ತರ 2: ಕಗಕಗ, ಗಕಗಕ. ಮೊದಲ ತಪ್ಪು ದಾರಿ 3 ಕೊಡುತ್ತದೆ, ಎರಡನೆಯದು 0. ಬೆರಳಲ್ಲೇ ಎಣಿಸಿ ನೋಡಬಹುದು.

38ನ್ನು ಇನ್ನೊಂದು ಕಡೆಯಿಂದಲೂ ತಾಳೆ ನೋಡಿದೆ. ‘ಕ’ ಹೇಗಿದ್ದರೂ ಸರಿ, ಗ-ಗ, ಮ-ಮ ಬೇರೆಯಿರುವ ಸಾಲು 210 − 60 − 60 + 20 = 110: ‘ಗಗ’ ಇರುವ 60, ‘ಮಮ’ ಇರುವ 60 ಕಳೆದು, ಎರಡೂ ಇರುವುದರಿಂದ ಎರಡು ಸಲ ಕಳೆದುಹೋದ 20ನ್ನು ಮರಳಿ ಕೂಡಿದೆ; ಮುಂದಿನ ಲೆಕ್ಕಗಳೂ ಹೀಗೇ. ‘ಕಕ’ವನ್ನು ಒಂದು ತುಂಡು ಮಾಡಿ, ಒಂಟಿ ‘ಕ’ದೊಂದಿಗೆ ಎಣಿಸಿದರೆ 180 − 60 − 60 + 24 = 84; ಇದನ್ನು ಕಳೆಯಬೇಕು. ಆದರೆ ‘ಕಕಕ’ ಒಟ್ಟಿಗಿರುವ ಸಾಲು ಆ 84ರಲ್ಲಿ ಎರಡು ಸಲ ಸೇರಿದೆ, ತುಂಡು ಎಡಕ್ಕಿದ್ದು ಒಮ್ಮೆ, ಬಲಕ್ಕಿದ್ದು ಒಮ್ಮೆ. ಅಂಥ ಸಾಲು 30 − 12 − 12 + 6 = 12; ಅದನ್ನು ಮರಳಿ ಕೂಡಬೇಕು. 110 − 84 + 12 = 38.