ಕೊಳ್ಳದ ಆಂಟಿವೈರಸ್‌ನ ಅವಧಿ ಮುಗಿದಾಗ

ಕಳೆದ ತಿಂಗಳು ದೊಡ್ಡಪ್ಪ ಗಾಬರಿಯಿಂದ ಫೋನ್ ಮಾಡಿದ್ದರು. ಅವರ ಲ್ಯಾಪ್‌ಟಾಪ್‌ನ ಬಲಮೂಲೆಯಲ್ಲಿ ಮತ್ತೆ ಮತ್ತೆ ಒಂದು ಕೆಂಪು ಚೌಕ ಬರುತ್ತಿತ್ತು: ‘5 ವೈರಸ್ ಸಿಕ್ಕಿವೆ, ಆಂಟಿವೈರಸ್ ಅವಧಿ ಮುಗಿದಿದೆ, ಈಗಲೇ ದುಡ್ಡು ಕಟ್ಟಿ’. ‘ನಾನು ಆಂಟಿವೈರಸ್ ಕೊಂಡೇ ಇಲ್ವಲ್ಲೋ, ಅವಧಿ ಮುಗಿಯೋದು ಹೇಗೆ?’ ಎಂದು ಅವರೇ ಕೇಳಿದರು. ಒಳ್ಳೆಯ ಪ್ರಶ್ನೆ. ಆದರೂ ಡೆಬಿಟ್ ಕಾರ್ಡ್ ಆಗಲೇ ಕೈಯಲ್ಲಿತ್ತು!

ಇಂಥ ಎಚ್ಚರಿಕೆ ಕಂಡಾಗ ‘ಹೇಗೆ ತೆಗೆಯೋದು’ ಅನ್ನುವುದಕ್ಕಿಂತ ‘ಎಲ್ಲಿಂದ ಬರ್ತಿದೆ’ ಎಂದು ಮೊದಲು ನೋಡಬೇಕು. ಮದ್ದು ಅದರ ಮೇಲೆ ನಿಂತಿದೆ.

ಪರದೆ ತುಂಬ ಬಂದರೆ

ಸೈರನ್ ಸದ್ದು, ಕೆಳಗೊಂದು ಫೋನ್ ನಂಬರ್. ಇದು ಬರೀ ಒಂದು ವೆಬ್ ಪುಟ. ಓಡುತ್ತಿರುವ ‘ಸ್ಕ್ಯಾನ್’ ಕೂಡ ಸುಮ್ನೆ ಚಿತ್ರ. ತನ್ನ ಎಚ್ಚರಿಕೆ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ಹಾಗಾಗಿ ನಂಬರ್ ಕಂಡರೆ ಮೋಸ ಎಂದೇ ತಿಳಿಯಿರಿ.

ಅದರೊಳಗಿನ ಯಾವ ಬಟನ್ನನ್ನೂ ಒತ್ತಬೇಡಿ, ‘ಕ್ಲೋಸ್’ ಎಂದು ಬರೆದದ್ದನ್ನು ಕೂಡ. ಎಸ್ಕೇಪ್ ಕೀಲಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಹೋಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಬ್ರೌಸರ್ ಆರಿಸಿ ‘ಎಂಡ್ ಟಾಸ್ಕ್’ ಕೊಡಿ. ಮತ್ತೆ ತೆರೆದಾಗ ಹಳೇ ಪುಟಗಳನ್ನು ‘ರಿಸ್ಟೋರ್’ ಮಾಡಲೇ ಎಂದು ಕೇಳಿದರೆ ಬೇಡ ಅನ್ನಿ.

ಮೂಲೆಯಲ್ಲಿ ಇಣುಕಿದರೆ

ದೊಡ್ಡಪ್ಪನದು ಇದೇ. ಚೌಕದಲ್ಲಿ ಸಣ್ಣ ಅಕ್ಷರಗಳನ್ನು ಓದಿ. ಬ್ರೌಸರ್‌ನ ಹೆಸರು, ಜೊತೆಗೆ ಯಾವುದೋ ಗೊತ್ತಿಲ್ಲದ ಸೈಟಿನ ವಿಳಾಸ ಕಂಡರೆ ಅದು ವೈರಸ್ ಅಲ್ಲ, ನೋಟಿಫಿಕೇಶನ್. ಎಂದೋ ಒಂದು ದಿನ ‘ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ’ ಎಂದು ಒಂದು ಪುಟ ಕೇಳಿರುತ್ತದೆ, ನಾವು ಒತ್ತಿರುತ್ತೇವೆ. ಅನುಮತಿ ನಾವೇ ಕೊಟ್ಟದ್ದು, ಆದ್ದರಿಂದ ಆಂಟಿವೈರಸ್ ಎಷ್ಟು ಹುಡುಕಿದರೂ ‘ಎಲ್ಲ ಸರಿಯಿದೆ’ ಅನ್ನಬಹುದು.

ಕ್ರೋಮ್‌ನಲ್ಲಾದರೆ ಮೇಲಿನ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಎಂದು ಒಂದೊಂದಾಗಿ ಒಳಗೆ ಹೋಗಿ. ಅನುಮತಿ ಪಡೆದ ಸೈಟುಗಳ ಪಟ್ಟಿ ಸಿಗುತ್ತದೆ. ಗುರುತಿಲ್ಲದ್ದನ್ನೆಲ್ಲ ಬ್ಲಾಕ್ ಮಾಡಿ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲೂ ಸೈಟ್ ಸೆಟ್ಟಿಂಗ್ಸ್‌ನೊಳಗೇ ಇದೆ. ದೊಡ್ಡಪ್ಪನ ಪಟ್ಟಿಯಲ್ಲಿ ಅಂಥವು ಮೂರಿದ್ದವು. ಐದು ನಿಮಿಷದ ಕೆಲಸ.

ಒಳಗೇ ಕೂತಿದ್ದರೆ

ಟಾಸ್ಕ್ ಮ್ಯಾನೇಜರ್‌ನಲ್ಲಿ ಬ್ರೌಸರನ್ನು ಪೂರ್ತಿ ನಿಲ್ಲಿಸಿದ ಮೇಲೂ ಎಚ್ಚರಿಕೆ ಬರುತ್ತಿದ್ದರೆ ಯಾವುದೋ ಪ್ರೋಗ್ರಾಮ್ ಸೇರಿಕೊಂಡಿದೆ ಎಂದು ಅನುಮಾನಿಸಿ. ಇದು ಹಳೇ ವಿದ್ಯೆ. ‘ವಿನ್‌ಫಿಕ್ಸರ್’ ಮುಂತಾದ ಹೆಸರಿನಲ್ಲಿ ಹೀಗೆ ಹೆದರಿಸಿ ಮಾರುತ್ತಿದ್ದವರ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲೇ ಮೊಕದ್ದಮೆ ಹೂಡಿತ್ತು.

ಮೊದಲು ವೈಫೈ ಆಫ್ ಮಾಡಿ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿ. ಕಾಟ ಶುರುವಾದ ದಿನದ ಆಸುಪಾಸಿನಲ್ಲಿ ಬಂದ ಗುರುತಿಲ್ಲದ ಪ್ರೋಗ್ರಾಮನ್ನು ಅನ್‌ಇನ್‌ಸ್ಟಾಲ್ ಮಾಡಿ. ಬ್ರೌಸರ್‌ನ ಎಕ್ಸ್‌ಟೆನ್ಷನ್‌ಗಳನ್ನೂ (ಅದಕ್ಕೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಮ್‌ಗಳು) ಒಮ್ಮೆ ನೋಡಿ.

ಆಮೇಲೆ ವಿಂಡೋಸ್ 10 ಮತ್ತು 11ರಲ್ಲಿ ಪುಕ್ಕಟೆಯಾಗಿಯೇ ಬರುವ ‘ವಿಂಡೋಸ್ ಸೆಕ್ಯುರಿಟಿ’ ತೆರೆಯಿರಿ. ವೈರಸ್ ವಿಭಾಗದ ‘ಸ್ಕ್ಯಾನ್ ಆಪ್ಷನ್ಸ್’ನಲ್ಲಿ ಡಿಫೆಂಡರ್‌ನ (ವಿಂಡೋಸ್‌ನದೇ ಆಂಟಿವೈರಸ್) ಆಫ್‌ಲೈನ್ ಸ್ಕ್ಯಾನ್ ಆರಿಸಿ. ಕಂಪ್ಯೂಟರ್ ರಿಸ್ಟಾರ್ಟ್ ಆಗುತ್ತದೆ, ಆದ್ದರಿಂದ ತೆರೆದ ಕಡತಗಳನ್ನು ಉಳಿಸಿಕೊಳ್ಳಿ. ಸುಮಾರು 15 ನಿಮಿಷ ಬೇಕು. ವಿಂಡೋಸ್ ಏಳುವ ಮುನ್ನವೇ ಹುಡುಕಾಟ ನಡೆಯುವುದರಿಂದ ಕಳ್ಳನಿಗೆ ಅಡಗಲು ಜಾಗ ಕಡಿಮೆ.

ಆಗಲೇ ಫೋನ್ ಮಾಡಿಬಿಟ್ಟಿದ್ದರೆ

ನಾಚಿಕೊಂಡು ಕೂರಬೇಡಿ, ಇಲ್ಲಿ ಹೊತ್ತು ಮುಖ್ಯ. ಇಂಟರ್‌ನೆಟ್ ಕಿತ್ತು, ಆ ಮೋಸಗಾರರು ಹಾಕಿಸಿದ ರಿಮೋಟ್ ಆ್ಯಪ್ (ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಆ್ಯಪ್) ತೆಗೆಯಿರಿ. ಪಾಸ್‌ವರ್ಡ್‌ಗಳನ್ನು ಬೇರೊಂದು ಫೋನಿನಿಂದ ಬದಲಿಸಿ, ಅದೇ ಕಂಪ್ಯೂಟರ್‌ನಿಂದ ಅಲ್ಲ. ದುಡ್ಡು ಹೋಗಿದ್ದರೆ ಬ್ಯಾಂಕಿಗೆ ತಿಳಿಸಿ ಕಾರ್ಡ್ ನಿಲ್ಲಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಿ. ಆ ನಂಬರ್, ಹಣ ಕಟ್ಟಿದ ರಸೀದಿ, ಪರದೆಯ ಫೋಟೊ ಯಾವುದನ್ನೂ ಅಳಿಸಬೇಡಿ. ದೂರು ಕೊಡುವಾಗ ಬೇಕಾಗುತ್ತವೆ.